ಮಳೆಗಾಲದ ದೀಪ: ತೆರೆಗಳ ವಿದ್ಯುತ್ತು ಮತ್ತು ನಮ್ಮ ಕರಾವಳಿ

ಸಮುದ್ರದ ನೆಂಟಸ್ತನ, ಉಪ್ಪಿಗೆ ಬಡತನ ಎಂಬ ಗಾದೆಯ ಅರ್ಥವನ್ನು ಕಾರವಾರ ಅಂಕೋಲೆಗಳ ಜನರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ೧೯೩೦ನೆಯ ಇಸವಿಯ ಎಪ್ರಿಲ್ ತಿಂಗಳಿನಲ್ಲಿ ಎಂ. ಪಿ. ನಾಡಕರ್ಣಿಯವರ ಮುಂದಾಳುತನದಲ್ಲಿ ಅಂಕೋಲೆಯ ಜನರು, ತಮ್ಮ ಬಾಗಿಲ ಮುಂದಿನ ಕಡಲಿನ ಉಪ್ಪನ್ನು ತಾವು ಕೈಯಾರೆ ಎತ್ತಿಕೊಳ್ಳುವದಕ್ಕಾಗಿ, ಪರಸರಕಾರದ ಕಾಯಿದೆಯನ್ನು ಮುರಿಯಬೇಕಾಯಿತು. ಹಿಡಿ ಉಪ್ಪಿನ ಬೆಲೆಯು ಆಗಿನ ಪ್ರಶ್ನೆಯಾಗಿರಲಿಲ್ಲ. ಕಡಲು ಕೊಡುವ ಪದಾರ್ಥದಲ್ಲಿ ಕಡಲ ದಂಡೆಯವನಿಗೆ ಪಾಲುಂಟೋ ಇಲ್ಲವೋ ಎಂಬದೇ ಪ್ರಶ್ನೆಯಾಗಿತ್ತು. ಸ್ವಾತಂತ್ರ್ಯವು ಬಂದು ಮುಕ್ಕಾಲು ಶತಮಾನ ಕಳೆದ ಮೇಲೆ ಅದೇ ಪ್ರಶ್ನೆಯು ಬೇರೊಂದು ವೇಷದಿಂದ ನಮ್ಮ ದಂಡೆಗೆ ಬಂದು ನಿಂತಿರುವದು. ಈ ಸಲದ ಪದಾರ್ಥವು ವಿದ್ಯುಚ್ಛಕ್ತಿ.

ಸಮುದ್ರದ ತೆರೆಗಳಿಂದ ವಿದ್ಯುತ್ತನ್ನು ಹುಟ್ಟಿಸಬಹುದೆಂಬ ಮಾತು ಇತ್ತೀಚೆಗೆ ಸರಕಾರದ ಕಾಗದಪತ್ರಗಳಲ್ಲಿಯೂ ಸಭೆಗಳ ಭಾಷಣಗಳಲ್ಲಿಯೂ ಮೇಲಿಂದ ಮೇಲೆ ಕೇಳಬರುತ್ತಲಿದೆ. ೨೦೧೯ರಲ್ಲಿ ಕೇಂದ್ರ ಸರಕಾರವು ಸಮುದ್ರಶಕ್ತಿಯನ್ನು ಬಿಸಿಲು ಗಾಳಿಗಳ ಸಾಲಿಗೆ ಸೇರಿಸಿ, ಅದೂ ಬತ್ತದ ಶಕ್ತಿಯೆಂದು ಸಾರಿತು. ಭಾರತದ ಸುತ್ತಲಿನ ತೆರೆಗಳಲ್ಲಿ ಸುಮಾರು ೪೦,೦೦೦ ಮೆಗಾವ್ಯಾಟಿನಷ್ಟು ಬಲವಡಗಿದೆಯೆಂದು ಸರಕಾರದ ಪ್ರಾಥಮಿಕ ಅಂದಾಜು ಹೇಳುವದು. ಈ ಅಂಕೆಯನ್ನು ಓದಿದ ನಮ್ಮ ಹಬ್ಬುವಾಡದ ಗೃಹಸ್ಥನು ಒಂದು ಮಾತು ಕೇಳುವದು ಸಹಜವೇ ಸರಿ: ಇಷ್ಟೊಂದು ಬಲವು ಊರ ಮುಂದೆಯೇ ಹಗಲಿರುಳು ಬಂಡೆಗೆ ಬಡಿದು ವ್ಯರ್ಥವಾಗುತ್ತಿರಲು, ಕಾಳೀ ನದಿಗೆ ಇಷ್ಟು ಆಣೆಕಟ್ಟುಗಳೇಕೆ, ಕೈಗಾದಲ್ಲಿ ಅಣುಸ್ಥಾವರವೇಕೆ? ಪ್ರಶ್ನೆಯು ಒಳ್ಳೆಯದು. ಆದರೆ ಇದಕ್ಕೆ ಉತ್ತರವನ್ನು ಉತ್ಸಾಹದಿಂದ ಕೊಡಲಾಗದು, ಲೆಕ್ಕದಿಂದ ಕೊಡಬೇಕು.

ತೆರೆಯೆಂದರೆ ಗಾಳಿಯು ನೀರಿನಲ್ಲಿ ಕೂಡಿಟ್ಟ ಬಲ. ಸಾವಿರಾರು ಮೈಲಿಗಳಾಚೆ ದಕ್ಷಿಣ ಸಮುದ್ರದಲ್ಲಿ ಬೀಸಿದ ಬಿರುಗಾಳಿಯ ಬಲವು ದಿನಗಟ್ಟಲೆ ನೀರಿನ ಮೇಲೆ ನಡೆದುಬಂದು ನಮ್ಮ ದಂಡೆಯಲ್ಲಿ ಒಡೆಯುವದು. ಮಳೆಗಾಲದಲ್ಲಿ ನೈಋತ್ಯ ಮಾರುತವು ಅದಕ್ಕೆ ತನ್ನದನ್ನೂ ಕೂಡಿಸುವದು. ಆಳವಾದ ನೀರಿನಲ್ಲಿ ಒಂದು ಮೀಟರು ಅಗಲದ ತೆರೆಯಲ್ಲಿ ಎಷ್ಟು ಬಲವಿದೆಯೆಂದು ತಿಳಿಯಲು ಒಂದು ಸುಲಭ ಸೂತ್ರವುಂಟು. ತೆರೆಯ ಎತ್ತರವನ್ನು ಮೀಟರುಗಳಲ್ಲಿ ಹಿಡಿದು ಅದನ್ನು ಅದರಿಂದಲೇ ಗುಣಿಸಬೇಕು. ಬಂದುದನ್ನು ಒಂದು ತೆರೆಗೂ ಮುಂದಿನ ತೆರೆಗೂ ನಡುವೆ ಕಳೆಯುವ ಸೆಕೆಂಡುಗಳಿಂದ ಗುಣಿಸಿ ಅರ್ಧಮಾಡಬೇಕು. ಸುಮಾರಾಗಿ ಅಷ್ಟು ಕಿಲೊವ್ಯಾಟುಗಳು. ಎಂಟು ಸೆಕೆಂಡಿಗೊಮ್ಮೆ ಬರುವ ಒಂದು ಮೀಟರಿನ ತೆರೆಯಲ್ಲಿ ೪ ಕಿಲೊವ್ಯಾಟು. ಎರಡು ಮೀಟರಿನದರಲ್ಲಿ ೧೬. ಮೂರು ಮೀಟರಿನದರಲ್ಲಿ ೩೬. ಎತ್ತರವು ಎರಡು ಪಟ್ಟಾದರೆ ಬಲವು ನಾಲ್ಕು ಪಟ್ಟಾಗುವದೆಂಬದನ್ನು ವಾಚಕರು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಈ ವಿಷಯದ ಗುಣವೂ ದೋಷವೂ ಅದರಲ್ಲಿಯೇ ಅಡಗಿವೆ.

ಗೋವೆಯ ರಾಷ್ಟ್ರೀಯ ಸಮುದ್ರವಿಜ್ಞಾನ ಸಂಸ್ಥೆಯವರು ನಮ್ಮ ಜಿಲ್ಲೆಯ ಹೊನ್ನಾವರದ ಎದುರಿಗೆ ತೇಲುವ ಯಂತ್ರವನ್ನಿಟ್ಟು ತೆರೆಗಳನ್ನು ಅಳೆದಿದ್ದಾರೆ. ಮಳೆಗಾಲದಲ್ಲಿ ಎರಡು ಮೂರು ಮೀಟರು, ಉಳಿದ ಕಾಲದಲ್ಲಿ ಬಹುಮಟ್ಟಿಗೆ ಒಂದು ಮೀಟರಿನೊಳಗೆ ಎಂಬದು ಈ ಕರಾವಳಿಯ ಸ್ಥೂಲವಾದ ಸ್ಥಿತಿ. ನಾಲ್ಕು ತಿಂಗಳು ೨೫ ಕಿಲೊವ್ಯಾಟು, ಎಂಟು ತಿಂಗಳು ನಾಲ್ಕರೊಳಗೆ ಎಂದು ಹಿಡಿದರೆ, ವರ್ಷದ ಸರಾಸರಿಯು ಮೀಟರಿಗೆ ಸುಮಾರು ೧೦ ಕಿಲೊವ್ಯಾಟು ಬೀಳುವದು. ಸ್ಕಾಟ್‌ಲಂಡದ ಪಶ್ಚಿಮ ಸಮುದ್ರದಲ್ಲಿ ಇದರ ಹಲವು ಪಟ್ಟು ಬಲವುಂಟು. ಇನ್ನು ಯಂತ್ರಗಳು ಹತ್ತರಲ್ಲಿ ಒಂದು ಪಾಲನ್ನು ವಿದ್ಯುತ್ತಾಗಿ ಮಾಡಿ ತಂತಿಗೆ ಕೊಟ್ಟಾವೆಂದು ಉದಾರವಾಗಿಯೇ ಎಣಿಸೋಣ. ಆಗ ಒಂದು ಕಿಲೊಮೀಟರು ದಂಡೆಯಿಂದ ದೊರೆಯುವದು ಒಂದು ಮೆಗಾವ್ಯಾಟು. ಮಾಜಾಳಿಯಿಂದ ಮಂಗಳೂರಿನಾಚೆಯ ವರೆಗೆ ಕರ್ನಾಟಕಕ್ಕಿರುವ ಸುಮಾರು ೩೨೦ ಕಿಲೊಮೀಟರು ಕರಾವಳಿಗೆ ಒಂದು ಮಾರು ಬಿಡದೆ ಯಂತ್ರಗಳನ್ನು ಹೂಡಿದರೂ ಬರುವದು ೩೨೦ ಮೆಗಾವ್ಯಾಟು. ಕೈಗಾದ ನಾಲ್ಕು ಘಟಕಗಳ ಸಾಮರ್ಥ್ಯವು ೮೮೦ ಮೆಗಾವ್ಯಾಟು. ಕಾಳಿಯ ಮೇಲಿನ ಕದ್ರಾ ವಿದ್ಯುದಾಗಾರವೊಂದರದೇ ೧೫೦. ಅಂದಮೇಲೆ ತೆರೆಗಳ ವಿದ್ಯುತ್ತು ಬಂದು ಈ ಸ್ಥಾವರಗಳನ್ನು ಮುಚ್ಚಿಸುವದೆಂಬ ಆಶೆಯನ್ನು ನಾವು ಬಿಡುವದೇ ಲೇಸು.

ಇನ್ನೊಂದು ಸಂಗತಿಯು ಕಾರವಾರಕ್ಕೇ ವಿಶಿಷ್ಟವಾದದ್ದು. ೧೬೩೮ರಲ್ಲಿ ಇಂಗ್ಲಿಷ್ ವರ್ತಕರು ಇಲ್ಲಿ ಕೋಠಿಯನ್ನು ತೆರೆದದ್ದೂ, ಇತ್ತೀಚೆಗೆ ೨೦೦೫ರಲ್ಲಿ ಭಾರತದ ನೌಕಾಪಡೆಯು ಕದಂಬ ನೌಕಾನೆಲೆಯನ್ನು ನೆಲೆಗೊಳಿಸಿದ್ದೂ ಈ ನೀರಿನ ಶಾಂತತೆಯನ್ನು ನೋಡಿ. ಗುಡ್ಡದ ಮೂಗುಗಳೂ ಕೂರ್ಮಗಡ, ದೇವಗಡ, ಅಂಜದೀವ ಮೊದಲಾದ ನಡುಗಡ್ಡೆಗಳೂ ಕೊಲ್ಲಿಗೆ ಕಾವಲು ನಿಂತು ದೊಡ್ಡ ತೆರೆಗಳನ್ನು ಹೊರಗೇ ಮುರಿಯುವವು. ಹಡಗಿಗೆ ಯಾವದು ವರವೋ ತೆರೆಯ ಯಂತ್ರಕ್ಕೆ ಅದೇ ಶಾಪ. ಆದುದರಿಂದ ಪೇಟೆಯ ಎದುರಿನ ಮರಳುದಂಡೆಯಲ್ಲಿ ನಿಂತು ಇಲ್ಲಿಯೇ ಯಂತ್ರ ಹೂಡೋಣವೆನ್ನುವವರು ತೆರೆಯನ್ನು ಸರಿಯಾಗಿ ನೋಡಿದವರಲ್ಲ. ಕೊಲ್ಲಿಯ ಹೊರಬಾಯಿಯಲ್ಲಿ, ಬಂಡೆಗಳು ನೇರವಾಗಿ ತೆರೆಗೆ ಎದೆಗೊಟ್ಟು ನಿಂತಲ್ಲಿ, ಇಲ್ಲವೆ ನಡುಗಡ್ಡೆಗಳ ಪಶ್ಚಿಮದ ಮೋರೆಯಲ್ಲಿ ಮಾತ್ರ ಅದಕ್ಕೆ ಎಡೆಯುಂಟು. ಭರತ ಇಳಿತಗಳಿಂದ ವಿದ್ಯುತ್ತು ಪಡೆಯುವ ಮಾತಂತೂ ನಮಗೆ ಸಲ್ಲದು. ಫ್ರಾನ್ಸಿನ ರಾನ್ಸ್ ನದೀಮುಖದಲ್ಲಿ ೧೯೬೬ರಿಂದ ೨೪೦ ಮೆಗಾವ್ಯಾಟಿನ ಅಂಥ ಸ್ಥಾವರವು ನಡೆದಿರುವದು ನಿಜ. ಆದರೆ ಅಲ್ಲಿ ನೀರು ಏರಿಳಿಯುವದು ಮನೆಯೆತ್ತರಕ್ಕೆ, ನಮ್ಮಲ್ಲಿ ಆಳೆತ್ತರದ ಸುಮಾರಿಗೆ.

ಹಾಗಾದರೆ ಈ ವಿಷಯವನ್ನು ಇಲ್ಲಿಗೇ ಬಿಡಬಹುದೇ? ಬಿಡಬಾರದೆಂದು ನಮ್ಮ ಅಭಿಪ್ರಾಯ. ಅದಕ್ಕೆ ಕಾರಣವನ್ನು ಹೇಳುವ ಮೊದಲು, ಮನುಷ್ಯನು ತೆರೆಯನ್ನು ಹಿಡಿಯಲು ಪಟ್ಟ ಪಾಡನ್ನು ಸ್ವಲ್ಪದರಲ್ಲಿ ನೋಡುವದು ಅವಶ್ಯ.

ತೆರೆಯಿಂದ ಯಂತ್ರವನ್ನು ತಿರುಗಿಸುವ ಹಕ್ಕುಪತ್ರವನ್ನು ಪ್ಯಾರಿಸಿನಲ್ಲಿ ಗಿರಾರ್ ಎಂಬ ತಂದೆಮಕ್ಕಳು ಪಡೆದದ್ದು ೧೭೯೯ರಲ್ಲಿ. ಶ್ರೀರಂಗಪಟ್ಟಣವು ಬಿದ್ದ ವರ್ಷವೇ ಅದು. ಜಪಾನಿನ ಯೋಶಿಯೊ ಮಸೂದ ಎಂಬವರು ಹಡಗುಗಳಿಗೆ ದಾರಿ ತೋರಿಸುವ ತೇಲುದೀಪಗಳನ್ನು ತೆರೆಯ ಬಲದಿಂದಲೇ ಉರಿಸಿ ತೋರಿಸಿದರು. ೧೯೭೩ರಲ್ಲಿ ಅರಬ ರಾಷ್ಟ್ರಗಳು ಎಣ್ಣೆಯನ್ನು ಬಿಗಿಹಿಡಿದಾಗ ಯುರೋಪಕ್ಕೆ ಎಚ್ಚರವಾಗಿ, ಎಡಿನ್‌ಬರೋದ ಸ್ಟೀಫನ್ ಸಾಲ್ಟರ್ ಎಂಬ ಪ್ರಾಧ್ಯಾಪಕರು ತೆರೆಯ ಮೇಲೆ ತಲೆದೂಗುವ ಬಾತುಕೋಳಿಯಂಥ ಯಂತ್ರವನ್ನು ರಚಿಸಿದರು. ಇವೆಲ್ಲವುಗಳಲ್ಲಿ ನಮ್ಮ ಪ್ರಕೃತ ವಿಷಯಕ್ಕೆ ಹತ್ತಿರವಾದದ್ದು ಗಾಳಿಕೋಣೆಯ ಪದ್ಧತಿ. ಕಾಂಕ್ರೀಟಿನ ಒಂದು ಕೋಣೆಯನ್ನು ಕಡಲಲ್ಲಿ ಕಟ್ಟುವರು. ಅದರ ಬಾಯಿಯು ನೀರಿನ ಮಟ್ಟಕ್ಕಿಂತ ಕೆಳಗೆ ಕಡಲಿಗೆ ತೆರೆದಿರುವದು. ತೆರೆಯು ನುಗ್ಗಿದಾಗ ಒಳಗಿನ ನೀರು ಏರಿ, ಮೇಲಿನ ಗಾಳಿಯನ್ನು ಕೊಳವೆಯಿಂದ ಹೊರಗೆ ನೂಕುವದು. ತೆರೆಯು ಹಿಂದೆಗೆದಾಗ ನೀರು ಇಳಿದು, ಹೊರಗಿನ ಗಾಳಿಯನ್ನು ಒಳಗೆ ಸೆಳೆಯುವದು. ಕಮ್ಮಾರನ ತಿದಿಯಂತೆಯೇ ಸರಿ. ಇಲ್ಲಿ ತಿದಿಯೊತ್ತುವವನು ಸಮುದ್ರರಾಜ. ಕೊಳವೆಯಲ್ಲಿ ಒಂದು ಗಾಳಿಚಕ್ರವುಂಟು. ಬೆಲ್ಫಾಸ್ಟಿನ ಆಲನ್ ವೆಲ್ಸ್ ಎಂಬ ಪ್ರಾಧ್ಯಾಪಕರು ೧೯೭೦ರ ದಶಕದ ಕೊನೆಯಲ್ಲಿ ಕಂಡುಹಿಡಿದ ಈ ಚಕ್ರದ ಗುಣವೇನೆಂದರೆ, ಗಾಳಿಯು ಒಳಗೆ ಬರಲಿ ಹೊರಗೆ ಹೋಗಲಿ, ಅದು ಒಂದೇ ದಿಕ್ಕಿಗೆ ತಿರುಗುತ್ತಿರುವದು. ನೀರಿಗೆ ಸೋಂಕುವ ಚಲಿಸುವ ಭಾಗವೇ ಇಲ್ಲದಿರುವದು ಈ ಪದ್ಧತಿಯ ದೊಡ್ಡ ಅನುಕೂಲ. ಏಕೆಂದರೆ ಉಪ್ಪುನೀರು ಕಬ್ಬಿಣವನ್ನು ಹೇಗೆ ತಿನ್ನುವದೆಂಬದು ಕರಾವಳಿಯ ಮನೆಗಳ ಕಿಟಕಿಯ ಸರಳುಗಳನ್ನು ಕಂಡವರಿಗೆಲ್ಲ ಗೊತ್ತು.

ಈ ವಿದ್ಯೆಯಲ್ಲಿ ಭಾರತವು ಹಿಂದೆ ಬಿದ್ದಿರಲಿಲ್ಲವೆಂಬದನ್ನು ಅಭಿಮಾನದಿಂದ ಹೇಳಬೇಕು. ಕೇರಳದ ತಿರುವನಂತಪುರದ ಹತ್ತಿರ ವಿಳಿಂಜವೆಂಬ ಮೀನುಗಾರರ ಊರಿದೆ. ಮದರಾಸಿನ ಐ.ಐ.ಟಿ.ಯ ವಿದ್ವಾಂಸರು ಕೇಂದ್ರದ ಸಾಗರ ಅಭಿವೃದ್ಧಿ ಇಲಾಖೆಯ ಹಣದಿಂದ ಅಲ್ಲಿ ೧೫೦ ಕಿಲೊವ್ಯಾಟಿನ ಗಾಳಿಕೋಣೆಯ ಸ್ಥಾವರವನ್ನು ಕಟ್ಟಿ ೧೯೯೧ರಲ್ಲಿ ನಡೆಸಿದರು. ಆಗ ಜಗತ್ತಿನಲ್ಲಿಯೇ ಅಂಥವು ಬೆರಳೆಣಿಕೆಯಷ್ಟು. ಎಪ್ರಿಲದಿಂದ ನವೆಂಬರದ ವರೆಗೆ ಸರಾಸರಿ ೭೫ ಕಿಲೊವ್ಯಾಟು, ಡಿಸೆಂಬರದಿಂದ ಮಾರ್ಚದ ವರೆಗೆ ೨೫ ಎಂಬದು ಅದನ್ನು ಕಟ್ಟಿದವರ ಎಣಿಕೆ. ಮುಂದೆ ೧೯೯೩ರಲ್ಲಿ ಚೆನ್ನೈಯಲ್ಲಿ ಹುಟ್ಟಿದ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆಯು ಅದೇ ಸ್ಥಾವರದ ವಿದ್ಯುತ್ತಿನಿಂದ ಕಡಲ ನೀರನ್ನು ಕುಡಿಯುವ ನೀರಾಗಿ ಮಾಡಿಯೂ ತೋರಿಸಿತು. ಇಷ್ಟಾಗಿ ೨೦೧೧ರಲ್ಲಿ ಅದನ್ನು ನಿಲ್ಲಿಸಲಾಯಿತು. ಇಪ್ಪತ್ತು ವರ್ಷಗಳ ಅನುಭವದಿಂದ ಎರಡನೆಯ ಸ್ಥಾವರವು ಹುಟ್ಟಲಿಲ್ಲ. ೨೦೨೨ರ ನವೆಂಬರದಲ್ಲಿ ಅದೇ ಐ.ಐ.ಟಿ.ಯವರು ತೂತುಕುಡಿಯಿಂದ ೬ ಕಿಲೊಮೀಟರು ದೂರದ ಕಡಲಲ್ಲಿ ಸಿಂಧುಜಾ ಎಂಬ ತೇಲುಯಂತ್ರವನ್ನು ಪರೀಕ್ಷಿಸಿದರು. ಅದು ಹುಟ್ಟಿಸಿದ್ದು ೧೦೦ ವ್ಯಾಟು, ಅಂದರೆ ಹಿಂದಿನ ಕಾಲದ ಒಂದು ಬುರುಡೆದೀಪಕ್ಕೆ ಸಾಕಾಗುವಷ್ಟು. ವಿದ್ವಾಂಸರ ಪರಿಶ್ರಮವನ್ನು ನಾವು ಹಗುರವಾಗಿ ಕಾಣುವವರಲ್ಲ. ಆದರೆ ಉದ್ಘಾಟನೆಯ ದಿನ ಹಾರ ಹಾಕುವ ಸರಕಾರವು ಇಪ್ಪತ್ತನೆಯ ವರ್ಷದಲ್ಲಿ ಚಕ್ರಕ್ಕೆ ಎಣ್ಣೆ ಹಾಕಲು ಬೇಸರಪಟ್ಟರೆ ಯಾವ ವಿದ್ಯೆಯೂ ಬೇರುಬಿಡಲಾರದೆಂಬದನ್ನು ವಿಳಿಂಜವು ಕಲಿಸುವದು.

ಪರದೇಶಗಳ ಕಥೆಯೂ ಇದಕ್ಕಿಂತ ತೀರ ಬೇರೆಯಾಗಿಲ್ಲ. ಪೋರ್ತುಗಾಲದ ಕಡಲಲ್ಲಿ ೨೦೦೮ರಲ್ಲಿ ಹಾವಿನಂಥ ಮೂರು ಯಂತ್ರಗಳನ್ನು ತೇಲಿಬಿಟ್ಟರು. ಒಂದೊಂದೂ ೭೫೦ ಕಿಲೊವ್ಯಾಟಿನದು. ಕೆಲವೇ ತಿಂಗಳುಗಳಲ್ಲಿ ಅವುಗಳನ್ನು ದಂಡೆಗೆ ಎಳೆದು ತರಬೇಕಾಯಿತು. ಅವುಗಳನ್ನು ಮಾಡಿದ ಪೆಲಾಮಿಸ್ ಕಂಪನಿಯು ೨೦೧೪ರಲ್ಲಿ ಮುಳುಗಿತು. ಹಿಂದೆ ಹೇಳಿದ ಗುಣಾಕಾರವನ್ನು ಇಲ್ಲಿ ನೆನೆಯಬೇಕು: ತೆರೆಯು ಎರಡು ಪಟ್ಟಾದರೆ ಬಲವು ನಾಲ್ಕು ಪಟ್ಟು, ಆದುದರಿಂದ ಸಣ್ಣ ತೆರೆಯಿಂದ ದುಡಿಯಬೇಕಾದ ಯಂತ್ರವು ದೊಡ್ಡ ಬಿರುಗಾಳಿಯ ಪೆಟ್ಟನ್ನೂ ತಾಳಬೇಕು, ಆ ಗಟ್ಟಿತನದ ಬೆಲೆಯೇ ಅದನ್ನು ಮುಳುಗಿಸುವದು. ಇದಕ್ಕೆ ಉಪಾಯವನ್ನು ಕಂಡವರು ಸ್ಪೇನದ ಬಾಸ್ಕ ಸೀಮೆಯ ಮುತ್ರಿಕು ಎಂಬ ಸಣ್ಣ ಊರಿನವರು. ಅವರ ಬಂದರಿಗೆ ಹೇಗೂ ಒಂದು ಅಲೆತಡೆಗೋಡೆಯು ಬೇಕಾಗಿತ್ತು. ಆ ಗೋಡೆಯೊಳಗೇ ಗಾಳಿಕೋಣೆಗಳನ್ನು ಸೇರಿಸಿ ೧೬ ಚಕ್ರಗಳನ್ನು ಹೂಡಿದರು. ೨೦೧೧ರಲ್ಲಿ, ಅಂದರೆ ವಿಳಿಂಜದ ದೀಪವು ಆರಿದ ವರ್ಷವೇ, ಅಲ್ಲಿಯ ದೀಪವು ಹೊತ್ತಿತು. ಒಟ್ಟು ಸಾಮರ್ಥ್ಯವು ೨೯೬ ಕಿಲೊವ್ಯಾಟು, ಅಷ್ಟೇ. ಆದರೆ ಗೋಡೆಯ ಖರ್ಚು ಬಂದರಿನ ಲೆಕ್ಕಕ್ಕೆ, ಚಕ್ರದ ಖರ್ಚು ಮಾತ್ರ ವಿದ್ಯುತ್ತಿನ ಲೆಕ್ಕಕ್ಕೆ. ಹಾಸಿಗೆ ಇದ್ದಷ್ಟೇ ಕಾಲು ಚಾಚಿದವರ ಜಾಣತನವಿದು.

ಈಗ ನಮ್ಮ ಕಾರಣಕ್ಕೆ ಬರೋಣ. ಬಿಸಿಲಿನಿಂದ ವಿದ್ಯುತ್ತು ಪಡೆಯುವದು ಇಂದು ತೆರೆಯಿಂದ ಪಡೆಯುವದಕ್ಕಿಂತ ಬಹಳ ಅಗ್ಗವಾಗಿರುವದು; ಇದನ್ನು ಮುಚ್ಚಿಟ್ಟು ವಾದಿಸುವದು ನ್ಯಾಯವಲ್ಲ. ಆದರೆ ಜೂನದಿಂದ ಸಪ್ಟಂಬರದ ವರೆಗೆ ನಮ್ಮ ಕರಾವಳಿಯಲ್ಲಿ ಸೂರ್ಯನ ದರ್ಶನವೆಷ್ಟು ದಿನ? ಸೂರ್ಯನು ಮೋಡದಲ್ಲಿ ಮೋರೆ ಮರೆಸಿಕೊಂಡ ಆ ನಾಲ್ಕು ತಿಂಗಳುಗಳಲ್ಲಿಯೇ ಕಡಲು ಎದ್ದು ನಿಲ್ಲುವದು. ಅದೇ ಕಾಲಕ್ಕೆ ಘಟ್ಟದ ಕಾಡಿನಿಂದ ಬರುವ ತಂತಿಗಳ ಮೇಲೆ ಮರಗಳು ಉರುಳಿ, ಕಂಬಗಳು ಬಾಗಿ, ದೇಶಕ್ಕೆಲ್ಲ ವಿದ್ಯುತ್ತನ್ನು ಕಳಿಸುವ ಈ ಜಿಲ್ಲೆಯ ಹಳ್ಳಿಗಳು ದಿನಗಟ್ಟಲೆ ಕತ್ತಲೆಯಲ್ಲಿರುವವು. ಕೈಗಾ, ಕದ್ರಾಗಳ ಬಗಲಿನಲ್ಲಿದ್ದು ಚಿಮಣಿದೀಪ ಹುಡುಕುವ ಈ ಅವಸ್ಥೆಯನ್ನು ಹೊರಗಿನವರು ನಂಬಲಿಕ್ಕಿಲ್ಲ, ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಎಂಟು ತಿಂಗಳು ಬಿಸಿಲು, ನಾಲ್ಕು ತಿಂಗಳು ತೆರೆ ಎಂಬ ಈ ಜೋಡಿಯು ದೇಶಕ್ಕೆ ಬೆಳಕು ಕೊಡಲಾರದು. ಆದರೆ ಒಂದು ಬಂದರಿನ ದೀಪಗಳಿಗೆ, ಒಂದು ಆಸ್ಪತ್ರೆಗೆ, ಕುಡಿಯುವ ನೀರಿನ ಪಂಪಿಗೆ, ಮೀನುಗಾರರ ಬಿನತಂತಿ ಕೇಂದ್ರಕ್ಕೆ ಮಳೆಗಾಲದಲ್ಲಿ ಆಸರೆಯಾಗಬಲ್ಲದು. ಕೆಲವು ನೂರು ಕಿಲೊವ್ಯಾಟುಗಳಿಗೆ ಬೆಲೆ ಬರುವದು ಅಂಥಲ್ಲಿ. ಅಷ್ಟೇ ಅಲ್ಲದೆ, ಸೂಪಾ ಜಲಾಶಯವು ಸುಮಾರು ೧೪೭ ಟಿ.ಎಂ.ಸಿ. ನೀರು ಹಿಡಿಯುವ ಕಣಜವಾಗಿದ್ದರೂ ತುಂಬುವ ವರ್ಷಗಳು ವಿರಳ. ಮಳೆಗಾಲದಲ್ಲಿ ತೆರೆಯು ದುಡಿದಷ್ಟೂ ಆ ಕಣಜದ ನೀರು ಬೇಸಗೆಗೆ ಉಳಿಯುವದು. ಪ್ರಮಾಣವು ಅಲ್ಪವೆಂಬದು ನಿಜ. ಆದರೆ ಹನಿಗೂಡಿದರೇ ಹಳ್ಳ.

ಇಷ್ಟಾದ ಮೇಲೆ ಮುಖ್ಯ ಪ್ರಶ್ನೆಯು ಉಳಿಯುವದು: ಕಡಲಲ್ಲಿ ಕಟ್ಟುವದಾದರೆ ಯಾರ ಒಪ್ಪಿಗೆಯಿಂದ, ಯಾರ ಲಾಭಕ್ಕಾಗಿ? ಬೆಳಕಿಗಾಗಿ ಈ ಜಿಲ್ಲೆಯು ತೆತ್ತ ಬೆಲೆಯು ಕಡಿಮೆಯದಲ್ಲ. ತಾಲೂಕಿನ ಮುಖ್ಯಸ್ಥಳವಾಗಿದ್ದ ಸೂಪಾ ಊರೇ ನೀರಿನಡಿಯಲ್ಲಿದೆ. ನೌಕಾನೆಲೆಗಾಗಿ ಕಾರವಾರ ಅಂಕೋಲೆಗಳ ಹಳ್ಳಿಗಳು ತಮ್ಮ ಗದ್ದೆ, ತೋಟ, ದಂಡೆಗಳನ್ನು ಬಿಟ್ಟುಕೊಟ್ಟವು. ದೇಶರಕ್ಷಣೆಯ ಕಾರ್ಯಕ್ಕೆ ಜನರು ಬೆನ್ನು ತಿರುಗಿಸಲಿಲ್ಲ, ಆದರೆ ಪರಿಹಾರಕ್ಕಾಗಿ ನ್ಯಾಯಾಲಯದ ಮೆಟ್ಟಿಲನ್ನು ವರ್ಷಾನುವರ್ಷ ಹತ್ತಿಳಿಯಬೇಕಾಯಿತು. ೨೦೨೦ರ ಜನವರಿಯಲ್ಲಿ ಕಾರವಾರ ಬಂದರಿನ ಎರಡನೆಯ ಹಂತದ ವಿಸ್ತರಣೆಗೆಂದು ಅಲೆತಡೆಗೋಡೆಯನ್ನು ಕಟ್ಟಹೊರಟಾಗ ಮೀನುಗಾರರು ಬೀದಿಗಿಳಿದರು. ಪ್ರಕರಣವು ಹೈಕೋರ್ಟಿಗೆ ಹೋಗಿ ಕೆಲಸಕ್ಕೆ ತಡೆ ಬಂತು. ೨೦೨೩ರಲ್ಲಿ ಅಂಕೋಲೆಯ ಕೇಣಿಯಲ್ಲಿ ಖಾಸಗಿ ಬಂದರಿಗೆ ಸರಕಾರವು ಒಪ್ಪಿಗೆಯಿತ್ತ ಮೇಲೆ ಅಲ್ಲಿಯೂ ಅದೇ ಕಳವಳ. ಖಾರ್ವಿ, ಹರಿಕಂತ್ರ, ಗಾಬಿತ, ಅಂಬಿಗರಿಗೆ ಉಳಿದ ದಂಡೆಯು ವರ್ಷದಿಂದ ವರ್ಷಕ್ಕೆ ಗೇಣುಗೇಣಾಗಿ ಕಿರಿದಾಗುತ್ತಿರುವಾಗ, ವಿದ್ಯುತ್ತಿನ ಹೆಸರಿನಲ್ಲಿ ಇನ್ನೊಂದು ತುಂಡನ್ನು ಕತ್ತರಿಸುವದಾದರೆ ಅದನ್ನು ವಿರೋಧಿಸುವವರಲ್ಲಿ ನಾವು ಮೊದಲಿಗರಾಗುವೆವು.

ಆದುದರಿಂದ ಅಧಿಕಾರಿಗಳ ಮುಂದೆ ನಮ್ಮ ಬೇಡಿಕೆಗಳನ್ನು ಸ್ಪಷ್ಟವಾಗಿ ಇಡುವೆವು. ಮೊದಲನೆಯದಾಗಿ, ಕಾರವಾರ ಅಂಕೋಲೆಗಳ ಎದುರಿನ ಬಂಡೆ, ನಡುಗಡ್ಡೆ ಹಾಗೂ ಈಗಿರುವ ಬಂದರಗೋಡೆಗಳ ಬಳಿ ಮೂರು ಮಳೆಗಾಲಗಳ ತೆರೆಯನ್ನು ಅಳೆದು, ಅಂಕೆಗಳನ್ನು ಕನ್ನಡದಲ್ಲಿ ಪ್ರಕಟಿಸಲಿ. ಅಳತೆಯಿಲ್ಲದ ಯೋಜನೆಯು ಅಡಿಪಾಯವಿಲ್ಲದ ಮನೆ. ಎರಡನೆಯದಾಗಿ, ಬೈತಖೋಲದಲ್ಲಿ ಈಗಾಗಲೇ ಇರುವ ಗೋಡೆಯಂಥದರಲ್ಲಿ ಎಡೆಯುಂಟೇ ಎಂದು ಮೊದಲು ನೋಡಲಿ. ತೆರೆಯ ಯಂತ್ರವನ್ನು ನೆವಮಾಡಿ ಹೊಸ ಗೋಡೆ ಕಟ್ಟುವದು ಕೂಡದು. ಗೋಡೆಯಿಂದ ಮರಳು ಎಲ್ಲಿ ಕೊರೆಯುವದು, ಮೀನಿನ ಹಾದಿ ಎಲ್ಲಿ ತಪ್ಪುವದು ಎಂಬದನ್ನು ಕೋಡಿಬಾಗದ ಕಡಲಜೀವಶಾಸ್ತ್ರ ವಿಭಾಗದವರನ್ನೂ, ಅವರಿಗಿಂತ ಮೊದಲು ರಂಪಣಿ ಎಳೆದ ಮುದುಕರನ್ನೂ ಕೇಳಲಿ. ಮೂರನೆಯದಾಗಿ, ಹುಟ್ಟಿದ ವಿದ್ಯುತ್ತು ಮೊದಲು ಬಂದರಿನ ದೀಪಕ್ಕೆ, ಮೀನುಗಾರರ ಸಹಕಾರಿ ಸಂಘದ ಮಂಜುಗಡ್ಡೆಯ ಕಾರಖಾನೆಗೆ ಸಲ್ಲಲಿ; ಉಳಿದದ್ದರ ಹುಟ್ಟುವಳಿಯಲ್ಲಿ ಸಂಘಕ್ಕೆ ಬರಹದಲ್ಲಿ ಪಾಲಿರಲಿ. ಜೂನ ಜುಲೈಗಳಲ್ಲಿ ಯಾಂತ್ರಿಕ ಬೋಟುಗಳು ಕಾಯಿದೆಯಂತೆ ದಂಡೆ ಸೇರಿ ಕುಳಿತಿರುವಾಗ, ಆ ಮನೆಗಳಿಗೆ ಕಡಲಿನಿಂದ ಬರುವ ಆದಾಯವು ಇದೊಂದೇ ಆದೀತು. ನಾಲ್ಕನೆಯದಾಗಿ, ಕಟ್ಟುವ ಹಣದ ಜೊತೆಯಲ್ಲಿಯೇ ಹದಿನೈದು ವರ್ಷದ ದುರಸ್ತಿಯ ಹಣವನ್ನು ತೆಗೆದಿಡಲಿ. ಮಾಜಾಳಿಯ ಸರಕಾರಿ ಇಂಜಿನಿಯರಿಂಗ್ ಕಾಲೇಜಿನ ನಮ್ಮ ಹುಡುಗರಿಗೆ ಯಂತ್ರದ ಕೀಲನ್ನು ಕಲಿಸಲಿ. ಯಂತ್ರವು ಕೆಟ್ಟಾಗ ಚೆನ್ನೈಯ ದಾರಿ ಕಾಯುವ ಸ್ಥಾವರವು ಎರಡನೆಯ ವಿಳಿಂಜವಾಗದೆ ಇರದು.

ಇದೇನು ದೊಡ್ಡ ಬೇಡಿಕೆಯೇ ಎಂದು ಕೆಲವರು ನಗಬಹುದು. ನಲವತ್ತು ಸಾವಿರ ಮೆಗಾವ್ಯಾಟಿನ ಭಾಷಣವನ್ನು ಕೇಳಿದ ಕಿವಿಗಳಿಗೆ ಮುನ್ನೂರು ಕಿಲೊವ್ಯಾಟಿನ ಮಾತು ಸಪ್ಪೆಯೆನಿಸುವದು ಸಹಜ. ಇನ್ನು ಕೆಲವರು, ವಿಳಿಂಜದಲ್ಲಿ ಆಗದ್ದು ಇಲ್ಲಿ ಆದೀತೇ ಎಂದು ಕೈಚೆಲ್ಲಿ ಕೂಡುವರು. ಇಬ್ಬರಿಗೂ ನಮ್ಮ ಉತ್ತರವೊಂದೇ. ಅಂಕೋಲೆಯ ಜನರು ೧೯೩೦ರಲ್ಲಿ ತೆಗೆದ ಉಪ್ಪು ಒಂದು ತಾಲೂಕಿನ ಗಂಜಿಗೂ ಸಾಲುತ್ತಿರಲಿಲ್ಲ. ತಮ್ಮ ಕಡಲಿನ ಪದಾರ್ಥವನ್ನು ತಮ್ಮ ಕೈಯಿಂದ, ತಮ್ಮ ಅಳತೆಯಿಂದ ತೆಗೆದುಕೊಳ್ಳಲು ಬರುವದೆಂದು ಅವರು ತೋರಿಸಿಕೊಟ್ಟರು. ಅದರ ಬೆಲೆಯನ್ನು ತಕ್ಕಡಿಯಲ್ಲಿ ತೂಗಿದವರಾರು? ಬರುವ ಆಷಾಢದಲ್ಲಿ ಗಾಳಿಮಳೆಗೆ ತಂತಿ ಹರಿದು ಊರು ಕತ್ತಲಾದಾಗ, ಹೊರಗೆ ಮೊರೆಯುವ ಕಡಲಿನ ಸದ್ದನ್ನು ವಾಚಕರು ಒಂದು ಗಳಿಗೆ ಕಿವಿಗೊಟ್ಟು ಕೇಳಲಿ. ಮರುದಿನ ತಮ್ಮ ನಗರಸಭೆಯ ಸದಸ್ಯರನ್ನೂ ಶಾಸಕರನ್ನೂ ಕಂಡು, ತೆರೆಯನ್ನು ಅಳೆಯುವ ಕೆಲಸವು ಎಂದು ಆರಂಭವಾಗುವದೆಂದು ವಿಚಾರಿಸಲಿ. ಮೊದಲ ಹೆಜ್ಜೆಯು ಅಷ್ಟೇ. ಅದನ್ನು ಇಡಿಸುವ ಭಾರವು ನಮ್ಮ ನಿಮ್ಮೆಲ್ಲರ ಮೇಲಿರುವದು.